ಗೇರಿಗೆ ಬಿದ್ದ ಭಂಡಾರ

ಕಾರಿನ ಗೇರು ‘ಪಿ’ ಬಿಟ್ಟು ಅಲುಗಲಿಲ್ಲ. ಹಡಪಸರದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕೂತು ಬ್ರೇಕ್ ತುಳಿದೆ, ಗೇರ್ ಎಳೆದೆ, ಬಾಯಿಗೆ ಬಂದಂತೆ ಬೈದೆ. ಹಿಂದಿನ ಸೀಟಿನ ತುಂಬ ಸೂಟ್‌ಕೇಸುಗಳು. ನಮ್ಮ ಮದುವೆಯ ಮಾತೆತ್ತಿದರೆ ‘ಅವ್ವಗ ಹೇಳ್ತೀನಿ, ಟೈಮ್ ಬರ್ಲಿ’ ಎಂದು ಎರಡು ವರ್ಷ ಸತಾಯಿಸಿದ ಚನ್ನವೀರ ಸಾಕಾಗಿದ್ದ. ಕಳೆದ ಭಾನುವಾರ ದೊಡ್ಡ ಜಗಳವಾಗಿ, ಟ್ರಾನ್ಸ್‌ಫರ್ ಒಪ್ಪಿಕೊಂಡು ಮೈಸೂರಿಗೆ ಹೊರಟಿದ್ದೆ.

ಕರ್ಮ ನೋಡಿ, ನನಗೆ ಗೊತ್ತಿರುವ ಮೆಕ್ಯಾನಿಕ್ ಕೂಡ ಅವನೊಬ್ಬನೇ. ಬ್ಲಾಕ್ ಮಾಡಿದ್ದ ನಂಬರಿಗೆ ಹಲ್ಲು ಕಚ್ಚಿ ಫೋನ್ ಮಾಡಿ, ಮೈಸೂರಿಗೆ ಹೊರಟಿದ್ದೇನೆ, ಗೇರ್ ಅಲುಗುತ್ತಿಲ್ಲ ಎಂದೆ. ಕೊಂಢವಾದಲ್ಲಿ ಮನೆಗೆ ಅಂಟಿಕೊಂಡೇ ಇರುವ ತನ್ನ ಗ್ಯಾರೇಜಿನಿಂದ ಹೊಸ ಪಾರ್ಟ್ ಹಿಡಿದೇ ಬಂದ.

“ನಮಸ್ಕಾರ್ರಿ, ಇಂಪನಾ ಮೇಡಮ್ಮಾರ.”

“ಚನ್ನವೀರ ಅವರೇ, ಕೆಲಸ ಮುಗಿಸಿ ಹೊರಡಿ.”

“ಅವರೇ! ಸಿಟ್ಟು ಭಾಳ ಅದ.”

ಗಡ್ಡ ಬಿಟ್ಟಿದ್ದ. ಚೆನ್ನಾಗಿ ಕಾಣುತ್ತಿದ್ದ. ಅದಕ್ಕೂ ಸಿಟ್ಟು ಬಂತು.

ಗೇರಿನ ಸುತ್ತಲಿನ ಕವರ್ ಎಬ್ಬಿಸಿದ. “ಶಿಫ್ಟ್ ಲಾಕ್ ಆಕ್ಚುಯೇಟರ್ ಹೋಗೇದ. ಬ್ರೇಕ್ ತುಳಿದ್ರ ಗೇರಿನ ಚಿಲಕ ತೆಗಿಯೂದು ಇದ...” ಎಂದವನು ಒಳಗೆ ಬೆರಳಾಡಿಸಿದ. ಬಗ್ಗಿ ನೋಡಿದೆ. ಒಳಗೆಲ್ಲ ಹಳದಿ ಕೆಸರು.

“ಏನಿದು?”

“ಭಂಡಾರ. ದೇವರ ಅರಿಶಿಣ.” ಅವನ ಕಿವಿ ಕೆಂಪಾದವು. “ಭಾನುವಾರ ಗಾಡಿ ಸರ್ವಿಸಿಗಂತ ಒಯ್ದಿದ್ನಲ್ಲಾ, ಸುಳ್ಳು. ಜೇಜುರಿಗೆ, ಖಂಡೋಬಾನ ಗುಡಿಗೆ ಹೋಗಿದ್ದೆ. ಅವ್ವನ ಕರ್ಕೊಂಡು.”

“ನನ್ನ ಕಾರಲ್ಲಾ? ಯಾರ ಕಾರು ಅಂದೆ?”

“ನಿಂದು ಅಂದೆ. ನೀ ಯಾರಂತ ಹೇಳ್ದೆ. ಜಾತಿ ಬ್ಯಾರೆ ಅಂತನೂ ಹೇಳ್ದೆ. ತಿರುಗಿ ನೋಡ್ಲಾರ್ದ ಗುಡ್ಡ ಹತ್ತಿದ್ಲು ಅಕಿ. ಇಳಿದ ಮ್ಯಾಲೆ, ‘ಸಾಕ್ಷಾತ್ ಖಂಡೋಬಾ ಬ್ಯಾರೆ ಜಾತಿಯಾಕಿನ್ನ ಮನೀಗೆ ತಂದಾನ, ನೀ ಯಾವ ಊರಾಂವಲೇ ಅಂಜಾಂವ’ ಅಂದ್ಲು. ಸೊಸಿ ಗಾಡಿ ಅಂತ ಗೇರಿನ ಮ್ಯಾಲೆ ಕಾಯಿನೀರು ಸುರುವಿದ್ಲು. ಮುಟಿಗಿ ತುಂಬ ಭಂಡಾರ ಹಾಕಿದ್ಲು.”

ಕಣ್ಣು ತುಂಬಿತು. ಸಿಟ್ಟು ಮಾತ್ರ ನೆತ್ತಿಗೇರಿತು. “ಅವತ್ತೇ ಹೇಳೋಕೆ ಏನು ರೋಗ ನಿಂಗೆ?”

“ಬಾಯಿ ತೆಗಿಯಾಕ ಎಲ್ಲಿ ಬಿಟ್ಟಿ? ದಿನಾ ಗೇಟಿಗೆ ಬಂದೆ. ನನ್ನ ಒಳಗ ಬಿಡಬ್ಯಾಡ ಅಂತ ವಾಚ್‌ಮನ್‌ಗೆ ಹೇಳಿದಾಕಿ ಯಾರು?”

ನಾನೇ. ಅದಕ್ಕೇ ಇನ್ನೂ ಜೋರಾಗಿ ಕೂಗಿದೆ: “ಬೇಗ ಮಾಡು!”

ಓರೆಗಣ್ಣಲ್ಲಿ ನೋಡಿದ. “ಅವರೇ ಅನ್ನೂದು ಹೋತೇನು?”

ಹಳೆಯದನ್ನು ಬಿಚ್ಚಿ, ಕೆಸರು ಒರೆಸಿ, ಹೊಸ ಆಕ್ಚುಯೇಟರ್ ಕೂರಿಸಿದ. ಬೆರಳೆಲ್ಲ ಅರಿಸಿನ. ಬ್ರೇಕ್ ತುಳಿದೆ. ಟಕ್ ಎಂದಿತು. ಗೇರ್ ಸಲೀಸಾಗಿ ಇಳಿಯಿತು.

ಅವನು ತಲೆ ಎತ್ತಲಿಲ್ಲ. “ಇನ್ನ ಹೋಗಬಹುದು. ಮೈಸೂರಿಗೆ.”

ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಹಿಂದಕ್ಕೆ ಎಸೆದೆ. “ಹತ್ತು.”

“ಎಲ್ಲಿಗೆ?”

“ಕೊಂಢವಾಕ್ಕೆ. ಗೇರಿಗೆ ಕಾಯಿನೀರು ಸುರಿದಿದ್ದಾರಲ್ಲ ನಮ್ಮತ್ತೆ, ಅವರ ಹತ್ತಿರ ಜಗಳ ಆಡ್ಬೇಕು.”