ಟಚಪ್ ಮಾಡದ ಫೋಟೋ

"ಆ ಗಾಯ ಕಾಣಬಾರ್ದು, ಅಷ್ಟೇ. ಗಂಡಿನ ಕಡೆಯವರಿಗೆ ಕಳಿಸೋ ಫೋಟೋ ಇದು," ಎಂದ ಅಣ್ಣ. ತಂಗಿಯನ್ನು ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿ, ಫೋನ್ ಬಂತೆಂದು ಹೊರಗೆ ಹೋದ.

ಗಾಯದ ಗುರುತು ಎಡಹುಬ್ಬಿನ ತುದಿಯಿಂದ ಕೆನ್ನೆಗೆ ಇಳಿದಿತ್ತು. ತನ್ನ ಸೋದರಮಾವನ ಸ್ಟುಡಿಯೋದಲ್ಲಿ ಊರವರ ಮೊಡವೆ, ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಒರೆಸಿ, ಕ್ಯಾಮೆರಾ ಹಿಡಿದು ನಿಂತ ಹುಡುಗನಿಗೆ ಟಚಪ್ ಎಂಬ ಹೆಸರೇ ಅಂಟಿಕೊಂಡಿತ್ತು. ಯಾವ ಮುಖ ಕಂಡರೂ ಅಳಿಸಬೇಕಾದದ್ದೇ ಮೊದಲು ಕಾಣುವ ಕಣ್ಣು ಅವನದು. ಅಂದು ಯಾಕೋ ಆ ಕಣ್ಣು ಕೆಲಸ ಮರೆಯಿತು.

"ಏನು ಅಷ್ಟು ನೋಡ್ತಿದೀರಾ? ಎಲ್ಲಿಂದ ಒರೆಸೋದು ಅಂತಾನಾ?"

"ಎಲ್ಲಿಂದ ಒರೆಸಿದ್ರೂ ನಷ್ಟ ಅನ್ಸುತ್ತೆ."

"ಓಹೋ. ಎಲ್ಲ ಗಿರಾಕಿಗಳಿಗೂ ಇದೇ ಮಾತಾ?"

"ನನ್ನ ಗಿರಾಕಿಗಳೆಲ್ಲ ಪೆನ್ಷನ್ ಫೋಟೋದ ಅಜ್ಜಂದಿರು. ಅವರಿಗೆ ಹೀಗಂದ್ರೆ ಕೋಲು ತಗೋತಾರೆ."

ಅವಳು ನಕ್ಕಳು. ಮೊದಲು ಕಣ್ಣು ನಕ್ಕಿತು, ಆಮೇಲೆ ಗಾಯದ ತುದಿ, ಕೊನೆಗೆ ತುಟಿ. ಅವನ ಬೆರಳು ತಾನಾಗಿ ಕ್ಯಾಮೆರಾ ಒತ್ತಿತು.

"ಇದನ್ನೂ ಒರೆಸ್ತೀರಾ?"

"ಇದನ್ನ ಮುಟ್ಟಲ್ಲ."

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹಾಗಾದ್ರೆ ಯಾರಿಗೂ ಕೊಡ್ಬೇಡಿ. ನಿಮ್ಮ ಹತ್ರಾನೇ ಇರ್ಲಿ."

ಆಮೇಲೆ ನೆಪಗಳಿಗೇನು ಬರ. ಸೈಜು ಚಿಕ್ಕದಾಯಿತು, ಹಿಂದಿನ ನೀಲಿ ಬಣ್ಣ ಹಿಡಿಸಲಿಲ್ಲ, ಇನ್ನೆರಡು ಪ್ರಿಂಟ್ ಬೇಕು. "ಒಂದು ಫೋಟೋಗೆ ಇಷ್ಟು ಓಡಾಟ ನಾನು ಕಂಡಿಲ್ಲಪ್ಪ," ಎಂದು ಸೋದರಮಾವ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಟಚಪ್ ಕವರಿನ ಮೇಲೆ ತನ್ನ ನಂಬರ್ ಬರೆದು ಕೊಟ್ಟ. ಅವಳು ಓದಿಕೊಂಡು ಕವರನ್ನು ಹಿಂದಿರುಗಿಸಿದಳು. ಮನೆಯಲ್ಲಿ ಅವಳ ಫೋನೂ ಅಣ್ಣನ ಜೇಬಿನಲ್ಲೇ ಇರುತ್ತದಂತೆ.

"ಅದು ಹೇಗಾಯ್ತು?" ಎಂದು ಒಮ್ಮೆ ಕೆನ್ನೆಯತ್ತ ತೋರಿಸಿ ಕೇಳಿದ.

"ಬಾಗಿಲು ತಗಲಿದ್ದು," ಎಂದಳು. ಇವನು ನಂಬಿದ. ಕಲೆ ಒರೆಸುವವನಿಗೆ ಕಲೆಯ ಹುಟ್ಟು ಯಾಕೆ ಬೇಕು.

ಹಾಗಿರುವಾಗ ಒಂದು ದಿನ ಅವಳು ಕಾಣೆಯಾದಳು.

ಅಣ್ಣ ಅಳುವ ವಿಡಿಯೋ ಊರೂರು ಸುತ್ತಿತು. ಜೊತೆಗೆ ಟಚಪ್ ಒರೆಸಿಕೊಟ್ಟ ಫೋಟೋ, ಬೆಣ್ಣೆಯಂಥ ಕೆನ್ನೆ. ಜನ ಆ ಮುಖಕ್ಕೆ ಮುಗಿಬಿದ್ದರು. ಒಬ್ಬಳು ತನ್ನ ವಿಡಿಯೋದಲ್ಲಿ ಕಾಡಿಗೆ ಹಚ್ಚಿಕೊಳ್ಳುತ್ತ ಕೇಸಿನ ಕಥೆ ಹೇಳಿದಳು. ಒಬ್ಬ ಮ್ಯಾಪಿನ ಮೇಲೆ ಕೆಂಪು ಗೆರೆ ಎಳೆದ. ಕೆರೆಯಲ್ಲಿದ್ದಾಳೆ ಎಂದರು, ಯಾರದೋ ಕೈಹಿಡಿದು ಓಡಿದಳು ಎಂದರು, ಸಂಜೆಯ ವಿಡಿಯೋ ತಡವಾದರೆ ಬೈದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅಲ್ಲಿ ಕಂಡಳು ಇಲ್ಲಿ ಕಂಡಳು ಎಂದು ಸಿಕ್ಕವರೆಲ್ಲ ನುಣುಪು ಕೆನ್ನೆಯ ಬೇರೆ ಹುಡುಗಿಯರು.

ಅಣ್ಣ ಗಾಯದ ಸುದ್ದಿಯನ್ನೇ ಎತ್ತಲಿಲ್ಲ. ಮಾನಕ್ಕೆ ಅಂಜಿ ಮುಚ್ಚಿಟ್ಟಿದ್ದಾನೆ ಎಂದುಕೊಂಡ ಟಚಪ್. ಅವಳು ಯಾವುದೋ ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಬಿದ್ದಿದ್ದರೆ ಯಾರು ಗುರುತು ಹಿಡಿಯಬೇಕು? ಭಯ ನಿಜವಾದದ್ದೇ. ಅದರ ಪಕ್ಕದಲ್ಲಿ ಸಣ್ಣದೊಂದು ಹಮ್ಮೂ ಇತ್ತು: ಲೋಕವೆಲ್ಲ ಪ್ರೀತಿಸುತ್ತಿರುವ ಮುಖ ಸುಳ್ಳು, ನಿಜದ್ದು ನನ್ನೊಬ್ಬನ ಹತ್ತಿರ ಇದೆ.

"ಕೂತವರನ್ನ ಕೇಳ್ದೆ ಫೋಟೋ ಹೊರಗೆ ಹೋಗ್ಬಾರ್ದು ಕಣೋ. ನಮ್ಮಪ್ಪನ ಕಾಲದಿಂದ ಅಂಗಡಿ ನಡೆದಿರೋದೇ ಹಾಗೆ," ಎಂದರು ಸೋದರಮಾವ, ಆ ನಗುವ ಫೋಟೋ ಹಾಕುವ ಯೋಚನೆ ಹೇಳಿದಾಗ.

"ಕೇಳೋಕೆ ಕೂತವಳು ಎಲ್ಲಿದಾಳೆ ಮಾವ?"

ನಗುವ ಫೋಟೋ ಹಾಕಿಯೇಬಿಟ್ಟ. ಕೆಳಗೆ ಬರೆದ: 'ಅವಳ ನಿಜವಾದ ಮುಖ ಇದು. ಬಾಗಿಲು ತಗಲಿ ಆದ ಗಾಯ. ನನ್ನ ಜೀವ ಅವಳು, ದಯವಿಟ್ಟು ಹುಡುಕಿಕೊಡಿ.'

ಸಂಜೆಯೊಳಗೆ ಅವನು ದೇಶಕ್ಕೇ ಬೇಕಾದ ಪ್ರೇಮಿಯಾದ. ಮರುದಿನ ದೂರದೂರಿನ ಹಾಸ್ಟೆಲಿನ ಅಡುಗೆಮನೆಯಿಂದ ವಿಡಿಯೋ ಬಂತು. ಸೌಟು ಹಿಡಿದು ನಿಂತವಳು ಕ್ಯಾಮೆರಾ ಕಂಡು ಅಂಗೈಯಿಂದ ಕೆನ್ನೆ ಮುಚ್ಚಿಕೊಂಡಳು. ಪಾಪ, ನಾಚಿಕೆ ಎಂದು ಜನ ಹಾರ್ಟ್ ಒತ್ತಿದರು. ಟಚಪ್ ಕೂಡ ಖುಷಿಯಿಂದ ಅತ್ತ.

ಮುಂದಿನ ವಾರ ಅಣ್ಣನೇ ಅವಳನ್ನು ಸ್ಟುಡಿಯೋಗೆ ಕರೆತಂದ. "ನಿಮ್ಮಿಂದಲೇ ತಂಗಿ ಸಿಕ್ಕಿದ್ದು. ಉಪಕಾರ ಮರೆಯಲ್ಲ. ಆ ಪ್ರೀತಿ ಗೀತಿ ಮಾತೆಲ್ಲ ಇಲ್ಲಿಗೇ ಬಿಡಿ. ಬೇರೆ ಗಂಡು ನೋಡಿದೀವಿ, ಹೊಸ ಫೋಟೋ ಬೇಕು." ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಅಣ್ಣನ ಗುರುತು ಹಿಡಿದು ಸೆಲ್ಫಿ ಕೇಳಿದರು. ಅಣ್ಣ ಕೂದಲು ಸರಿಮಾಡಿಕೊಂಡು ಹೊರಗೆ ಹೋದ.

ಅವಳು ಅದೇ ಸ್ಟೂಲಿನ ಮೇಲೆ ಕೂತಳು. ತುಟಿಯ ಅಂಚಿನಲ್ಲಿ ಹೊಸ ಗಾಯವೊಂದು ಇನ್ನೂ ಒಣಗಿರಲಿಲ್ಲ.

ಟಚಪ್ ಕ್ಯಾಮೆರಾ ಕೆಳಗಿಟ್ಟ. "ಬಾಗಿಲು ಅಂದಿದ್ರಲ್ಲ," ಎಂದ.

"ಏಟು ತಿಂದ ಎಲ್ಲ ಹೆಣ್ಮಕ್ಕಳೂ ಹಾಗೇ ಅಂತಾರೆ. ನೀವು ಅದನ್ನ ಊರಿಗೆಲ್ಲ ಬರೆದು ತಿಳಿಸಿದ್ರಿ. ಗಾಯದ ಬಗ್ಗೆ ಯಾರು ಕೇಳಿದ್ರೂ ಅಣ್ಣ ಈಗ ನೀವು ಬರೆದದ್ದನ್ನೇ ತೋರಿಸ್ತಾನೆ. ಪೊಲೀಸರಿಗೂ ಅದನ್ನೇ ತೋರಿಸಿದ."

"ನಿಮಗೇನೋ ಆಗಿದೆ ಅಂತ ಭಯ ಆಯ್ತು. ನಿಮ್ಮನ್ನ..."

"ಗೊತ್ತು. ನನಗೂ ನೀವಂದ್ರೆ ಇಷ್ಟ ಇತ್ತು. ಆ ಹಾಸ್ಟೆಲಿನಲ್ಲಿ ಎಲ್ಲರ ಕೈಯಲ್ಲೂ ನೀವು ಒರೆಸಿದ ಫೋಟೋ. ನನ್ನ ಕೈಯಿಂದಲೇ ಬಡಿಸಿಕೊಂಡು, ಆ ಹುಡುಗಿ ಏನಾದ್ಲೋ ಅಂತ ನನ್ನೆದುರೇ ಮಾತಾಡ್ತಿದ್ರು. ಟಚಪ್ ಸಾಹೇಬ್ರು ನನ್ನ ಬಚ್ಚಿಟ್ಟಿದಾರೆ ಅಂತ ದಿನಾ ಒಳಗೊಳಗೇ ನಗ್ತಿದ್ದೆ." ಅವಳು ಬೆರಳಿನಿಂದ ತುಟಿ ಒತ್ತಿಕೊಂಡಳು. "ಮೊದಲ ಸಂಬಳ ಬಂದ ದಿನ ಫೋನ್ ಮಾಡಬೇಕು ಅಂತಿದ್ದೆ. ನಿಮ್ಮ ನಂಬರ್ ಬಾಯಿಪಾಠ ಇದೆ."

ಅವನು ಅವಳ ಕೈ ಹಿಡಿದ. "ಈಗ್ಲೇ ಹೊರಡೋಣ. ಹಿಂದೆ ಬಾಗಿಲಿದೆ. ಎಲ್ಲಾದ್ರೂ ಹೋಗಿಬಿಡೋಣ."

ಕೈಯನ್ನು ಅವಳು ಕೊಸರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇರಗೊಟ್ಟು, ಆಮೇಲೆ ಮೆಲ್ಲಗೆ ಬಿಡಿಸಿಕೊಂಡಳು.

"ಎಲ್ಲಿಗೆ? ನನ್ನ ಮುಖ ಗೊತ್ತಿಲ್ಲದ ಊರು ಈಗ ಯಾವ್ದಿದೆ?"

ಅಣ್ಣ ಒಳಗೆ ಬಂದ. "ಆಯ್ತಾ? ಗಾಯ ಕಾಣಬಾರ್ದು, ನೆನಪಿರ್ಲಿ. ಚೂರು ಕಂಡ್ರೂ ಇವಳಿಗೆ ಬುದ್ಧಿ ಹೇಳ್ತೀನಿ." ಬುದ್ಧಿ ಹೇಳುವುದೆಂದರೆ ಏನೆಂದು ಟಚಪ್‌ಗೆ ಈಗ ಅರ್ಥವಾಗುತ್ತಿತ್ತು. ಫೋಟೋ ತೆಗೆದ. ಅವಳು ಕ್ಯಾಮೆರಾ ನೋಡಿದಳು, ಅವನನ್ನು ನೋಡಲಿಲ್ಲ.

ಅವರು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತ. ಮೇಜಿನ ಮೇಲೆ ಫೋನ್ ಗುರ್ರೆನ್ನುತ್ತಲೇ ಇತ್ತು: ಮದುವೆ ಯಾವಾಗ, ಇಬ್ಬರೂ ಸೇರಿ ಒಂದು ವಿಡಿಯೋ ಹಾಕಿ. ಹುಬ್ಬಿನಿಂದ ಕೆನ್ನೆಗಿಳಿದ ಗುರುತು ಕೈಗೆ ಪಳಗಿದ್ದು, ಬೇಗ ಹೋಯಿತು. ತುಟಿಯಂಚಿನ ಹೊಸ ಗಾಯಕ್ಕೆ ಹೊತ್ತು ಹಿಡಿಯಿತು. ಕಣ್ಣು ಮಂಜಾದಾಗಲೆಲ್ಲ ಒರೆಸಿಕೊಂಡು, ಚೂರೂ ಕಾಣದ ಹಾಗೆ ಅದನ್ನೂ ಅಳಿಸಿದ.