ಎರಡನೇ ಗೆರೆ

ಲ್ಯಾಬಿನ ಫ್ರೀಜರ್ ಬಾಯಿ ಬಿಟ್ಟುಕೊಂಡು ನಿಂತಿತ್ತು. ಒಳಗೆ ಒಂದು ಡಬ್ಬಿಯೂ ಇರಲಿಲ್ಲ. ಸಿಂಕಿನ ಪಕ್ಕದ ಬಕೆಟ್ಟಿನಲ್ಲಿ ಬ್ಲೀಚಿಂಗ್ ನೀರು. ಅದರಲ್ಲಿ ಮುಚ್ಚಳ ಕಳಚಿದ ಪುಟ್ಟ ಟ್ಯೂಬುಗಳು ತೇಲುತ್ತಿದ್ದವು.

ಮೊದಲು ನೋಡಿದವರು ಡಾಕ್ಟರಮ್ಮ. ಎಚ್‌ಐವಿ ರೋಗಿಗಳ ಆರೈಕೆ, ಸಂಶೋಧನೆಯ ಕ್ರಮ, ಎರಡನ್ನೂ ಬೇರೆ ವೈದ್ಯರಿಗೆ ಕಲಿಸುವುದು ಅವರ ಕೆಲಸ. ಗಂಡ ಹೋದ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಹಾಗಾಗಿ ದಿನಾ ಎಲ್ಲರಿಗಿಂತ ಮುಂಚೆ ಬಂದುಬಿಡುತ್ತಿದ್ದರು.

ಬಕೆಟ್ಟಿನಲ್ಲಿದ್ದದ್ದು ತರಬೇತಿಗೆ ಬಂದ ವೈದ್ಯರೇ ಪಾಠಕ್ಕೆಂದು ಕೊಟ್ಟಿದ್ದ ರಕ್ತದ ಟ್ಯೂಬುಗಳು. ಅವು ಹೋದರೆ ಹೋಗಲಿ. ರೋಗಿಗಳ ಡಬ್ಬಿಗಳು ಎಲ್ಲಿ? ಎಷ್ಟೋ ಜನ ಹೆದರಿ, ಅತ್ತು, ಕೊನೆಗೆ ಇವರ ಮುಖ ನೋಡಿ ನಂಬಿ ಕೊಟ್ಟ ರಕ್ತ ಅದು. ಡಾಕ್ಟರಮ್ಮ ನಿರ್ದೇಶಕರ ಕೋಣೆಗೆ ಓಡಿದರು.

* * *

ಸಂಸ್ಥೆಯ ನಿರ್ದೇಶಕರು ಕೆಂಡವಾಗಿದ್ದರು. ಎದುರಿಗೆ ಲ್ಯಾಬ್ ಟೆಕ್ನಿಷಿಯನ್ ತಲೆ ತಗ್ಗಿಸಿ ನಿಂತಿದ್ದ.

"ಕೀ ಇರೋದು ನಿನ್ನ ಹತ್ರ."

"ನಿನ್ನೆ ಪೂರ್ತಿ ರಜೆಯಲ್ಲಿದ್ದೆ ಸಾರ್. ಅಮ್ಮನ್ನ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಕೀ ಪಾಠದ ಕೋಣೆಯ ಮೊಳೆಗೆ ಹಾಕಿದ್ದೆ."

"ಊರಿಗೆಲ್ಲ ಕಾಣೋ ಹಾಗೆ! ಸಂಜೆಯೊಳಗೆ ಡಬ್ಬಿ ಸಿಗದಿದ್ರೆ ಪೊಲೀಸರಿಗೆ ನಿನ್ನ ಹೆಸರೇ ಕೊಡೋದು."

"ಸಂಜೆವರೆಗೂ ನನಗೆ ಬಿಡಿ ಸಾರ್," ಎಂದರು ಡಾಕ್ಟರಮ್ಮ.

ಮೊದಲು ಸಿಕ್ಕಿದವನು ವಾದಿ. ತರಗತಿಯಲ್ಲಿ ಎಲ್ಲದಕ್ಕೂ ತಕರಾರು ತೆಗೆಯುತ್ತಿದ್ದ ವೈದ್ಯನಿಗೆ ಉಳಿದವರು ಇಟ್ಟ ಹೆಸರು ಅದು. ನಿನ್ನೆ ಸಂಜೆ ಲ್ಯಾಬಿನ ಬಾಗಿಲ ಬಳಿ ಅವನು ಸುಳಿದಾಡಿದ್ದನ್ನು ಕಾವಲುಗಾರ ನೋಡಿದ್ದ.

"ಅಲ್ಲೇನು ಕೆಲಸ ನಿಮಗೆ?"

ವಾದಿ ಮೊದಲ ಸಲ ತಡವರಿಸಿದ. "ಆ ಬಾಗಿಲ ಪಕ್ಕದ ಕಿಟಕಿ ಹತ್ರ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತೆ ಮೇಡಂ. ಮಗಳಿಗೆ... ಜೋಗುಳ ಹೇಳ್ತಿದ್ದೆ. ನಾನು ಹಾಡದೇ ಇದ್ರೆ ಮಲಗೋದಿಲ್ಲ." ಕಿವಿ ಕೆಂಪಗಾಗಿತ್ತು. "ದಯವಿಟ್ಟು ಕ್ಲಾಸಲ್ಲಿ ಹೇಳ್ಬೇಡಿ."

ಡಾಕ್ಟರಮ್ಮನಿಗೆ ನಗು ಬಂತು. ಹಿಂದೆಯೇ ಅನ್ನಿಸಿತು: ಇಲ್ಲಿಗೆ ಬಂದವರೆಲ್ಲ ಒಂದೊಂದು ಮೂಲೆಯಲ್ಲಿ ಒಂಟಿ.

ಅವರು ಅದೇ ಕಿಟಕಿಯ ಬಳಿ ಹೋಗಿ ನಿಂತರು. ಗುಂಯ್ ಎಂದು ಸದ್ದು. ಪಕ್ಕದ್ದು ಹಳೇ ಸಾಮಾನಿನ ಕೋಣೆ. ಅಲ್ಲಿ ಸದ್ದು ಮಾಡುವಂಥದ್ದು ಏನೂ ಇರಲಿಲ್ಲ, ಬಳಸದೆ ಬಿಟ್ಟ ಹಳೇ ಫ್ರೀಜರ್ ಒಂದನ್ನು ಬಿಟ್ಟರೆ.

ಬಾಗಿಲು ತಳ್ಳಿದರು. ಫ್ರೀಜರ್ ಓಡುತ್ತಿತ್ತು. ತೆರೆದರೆ ರೋಗಿಗಳ ಡಬ್ಬಿಗಳು, ಒಂದರ ಮೇಲೊಂದು, ಒಪ್ಪವಾಗಿ. ಒಂದೂ ಕರಗಿರಲಿಲ್ಲ.

ಡಾಕ್ಟರಮ್ಮ ಅಲ್ಲೇ ಮುರುಕು ಕುರ್ಚಿಯ ಮೇಲೆ ಕೂತು ಡಬ್ಬಿಗಳನ್ನು ಎಣಿಸಿದರು.

* * *

ತರಗತಿಯಲ್ಲೆಲ್ಲ ಕಿರಿಯವಳು ಮಕ್ಕಳ ಡಾಕ್ಟರು. ಪಟಪಟ ಮಾತಾಡುವ ಹುಡುಗಿ.

"ಕೀ ಇದ್ದ ಪಾಠದ ಕೋಣೆ ಖಾಲಿಯಾಗೋದು ಊಟದ ಹೊತ್ತಲ್ಲೇ. ನಿನ್ನೆ ಮಧ್ಯಾಹ್ನ ಊಟಕ್ಕೆ ಯಾರು ಬಂದಿರಲಿಲ್ಲಮ್ಮ?"

"ಎಲ್ರೂ ಬಂದಿದ್ವಿ ಮೇಡಂ. ಮೌನಿ ಅಣ್ಣನ್ನ ಬಿಟ್ಟು, ಮಾತೇ ಆಡಲ್ಲ ಅಂತ ನಾವೆಲ್ಲ ಹಾಗೆ ಕರೀತೀವಲ್ಲ, ಅವರು. ಅವರು ಯಾವತ್ತು ತಾನೇ ನಮ್ಮ ಜೊತೆ ಉಂಡಿದ್ದಾರೆ?"

"ಒಬ್ಬರ ರಕ್ತ ಇನ್ನೊಬ್ಬರು ತೆಗೆದ ದಿನ ನಿನಗೆ ಅವರೇ ಜೋಡಿ ಅಲ್ವಾ?"

"ಹೆಸರಿಗೆ ಜೋಡಿ! ಸೂಜಿ ಮುಟ್ಟೋಕೇ ಬಿಡ್ಲಿಲ್ಲ. 'ನನ್ನ ನರ ಸಿಗೋದಿಲ್ಲ, ನಾನೇ ತೆಗೀತೀನಿ' ಅಂದ್ರು. ಹಗ್ಗದಂಥ ನರ ಮೇಡಂ! ಒಂದು ಹನಿ ಮೇಜಿನ ಮೇಲೆ ಬಿತ್ತು. ಒರೆಸೋಕೆ ಹೋದ್ರೆ ಕೈ ಅಡ್ಡ ಹಿಡಿದು ಗದರಿದ್ರು."

"ಗದರಿದ್ರಾ? ಅವರು?"

"ಹೂಂ. ಆಮೇಲೆ ಅವರೇ ಒರೆಸಿ, 'ಬೇಜಾರು ಮಾಡ್ಕೋಬೇಡ ತಂಗಿ' ಅಂದ್ರು."

ಡಾಕ್ಟರಮ್ಮನಿಗೆ ತಿಳಿಯಬೇಕಾದ್ದಕ್ಕಿಂತ ಹೆಚ್ಚೇ ತಿಳಿದುಹೋಗಿತ್ತು.

* * *

ಪಾಠದ ಕೋಣೆಯಲ್ಲಿ ಮೌನಿ ಒಬ್ಬನೇ ಇದ್ದ. ಡಾಕ್ಟರಮ್ಮ ಬಾಗಿಲು ಹಾಕಿ ಅವನ ಎದುರಿಗೆ ಕೂತರು.

"ಡಬ್ಬಿ ಸಿಕ್ತು. ಕದಿಯೋಕೆ ಬಂದೋನು ಹೊತ್ತುಕೊಂಡು ಹೋಗ್ತಿದ್ದ. ಸಂಶೋಧನೆ ಹಾಳು ಮಾಡೋಕೆ ಬಂದೋನು ಕರಗೋಕೆ ಬಿಡ್ತಿದ್ದ. ಇವನು ಹಳೇ ಫ್ರೀಜರಿಗೆ ಮೊದಲೇ ಪ್ಲಗ್ ಹಾಕಿ, ತಣ್ಣಗಾದ ಮೇಲೆ ಡಬ್ಬಿ ಸಾಗಿಸಿದ್ದಾನೆ. ನೋಡಿದವರಿಗೆ ಕಳ್ಳತನ ಅನ್ನಿಸ್ಬೇಕು, ರೋಗಿಗಳಿಗೆ ನಷ್ಟ ಆಗಬಾರದು."

ಮೌನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಹಾಳಾಗಿದ್ದು ನಿಮ್ಮ ತರಗತಿಯ ಟ್ಯೂಬು ಮಾತ್ರ. ಇವತ್ತು ಎಲ್ಲರೆದುರು ಅವಕ್ಕೇ ಎಚ್‌ಐವಿ ಪರೀಕ್ಷೆ ಮಾಡ್ಬೇಕಿತ್ತು. ಯಾರದ್ದು ಯಾವುದು ಅಂತ ತಿಳಿಯದ ಹಾಗೆ ನಂಬರ್ ಅದಲುಬದಲು ಮಾಡಿಟ್ಟಿದ್ದೆ. ಅವನಿಗೆ ಬೇಕಾದ ಒಂದನ್ನ ಹುಡುಕೋಕೆ ಆಗ್ಲಿಲ್ಲ. ಎಲ್ಲವನ್ನೂ ಚೆಲ್ಲಬೇಕಾಯ್ತು."

ಅವರು ಅಲ್ಲಿಗೆ ನಿಲ್ಲಿಸಿದರು. ಉಳಿದ ಮಾತು ತಾವು ಆಡುವಂಥದ್ದಲ್ಲ.

"ಔಷಧಿ ತಪ್ಪಿಸಿಲ್ಲ ಮೇಡಂ," ಎಂದ ಮೌನಿ. "ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿದೆ. ಆದ್ರೆ ನಿಮ್ಮ ಪರೀಕ್ಷೆ ಪಟ್ಟಿ ನೋಡೋದು ರಕ್ತದ ಪ್ರತಿಕಾಯನ, ಸೋಂಕಿದೆ ಅನ್ನೋ ಎರಡನೇ ಗೆರೆ ಬಂದೇ ಬರುತ್ತೆ. ಇಷ್ಟು ಚಿಕ್ಕ ಕ್ಲಾಸು. ಅದು ಯಾರದು ಅಂತ ಎಲ್ಲರೂ ಎಲ್ಲರ ಮುಖ ನೋಡ್ತಾರೆ. ನನ್ನ ಮುಖ ಸುಳ್ಳು ಹೇಳೋಲ್ಲ."

"ಆವತ್ತೇ ಕೊಡೋಲ್ಲ ಅನ್ನಬಹುದಿತ್ತು."

"ಎಲ್ಲರೂ ನಗ್ತಾ ತೋಳು ಚಾಚಿದಾಗ ನಾನೊಬ್ಬ ಬೇಡ ಅಂದಿದ್ರೆ, ಅದೇ ಉತ್ತರ ಆಗ್ತಿರ್ಲಿಲ್ವಾ? ಬೇಡ ಅನ್ನೋಕೆ ದಾರಿ ಇಲ್ದಿದ್ರೆ ಅದು ಒಪ್ಪಿಗೆಯೇ ಅಲ್ಲ ಅಂತ ನೀವೇ ಪಾಠ ಮಾಡಿದ್ರಿ."

ಡಾಕ್ಟರಮ್ಮನಿಗೆ ಕಪಾಳಕ್ಕೆ ಬಿಗಿದಂತಾಯಿತು. ಮಾತು ನಿಜವಾಗಿತ್ತು.

"ಮನೆಯಲ್ಲಿ?"

"ಯಾರಿಗೂ ಗೊತ್ತಿಲ್ಲ. ಒಬ್ಬರಿಗಾದ್ರೂ ಹೇಳ್ಕೊಳ್ಳಿ, ಹಗುರಾಗುತ್ತೆ ಅಂತ ರೋಗಿಗಳಿಗೆ ದಿನಾ ಹೇಳ್ತೀನಿ." ಅವನು ಮೇಜಿನ ಮೇಲಿನ ಕನ್ನಡಕವನ್ನು ಮಡಚಿದ. "ನಾನು ಹೇಳ್ಕೊಂಡಿದ್ದು ಈಗ, ನಿಮಗೆ. ಅದೂ ಸಿಕ್ಕಿಬಿದ್ದು."

ಅವರು ಮೇಜಿನ ಆಚೆ ಕೈ ಚಾಚಿ ಅವನ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು: "ಆ ಟೆಕ್ನಿಷಿಯನ್ ಬೆಳಗ್ಗಿನಿಂದ ಒಂದು ಗುಟುಕು ನೀರೂ ಕುಡಿದಿಲ್ಲಪ್ಪ."

ಮೌನಿ ಕನ್ನಡಕ ಹಾಕಿಕೊಂಡು ಎದ್ದ.

* * *

"ನಾನೇ ಮಾಡಿದ್ದು ಸಾರ್. ಡಬ್ಬಿ ಎಲ್ಲ ಪಕ್ಕದ ಹಳೇ ಫ್ರೀಜರಲ್ಲಿ ಹಾಳಾಗದೆ ಇವೆ," ಎಂದ ಮೌನಿ ನಿರ್ದೇಶಕರ ಎದುರು. ಟೆಕ್ನಿಷಿಯನ್ ಗೋಡೆಗೆ ಒರಗಿ ಕಣ್ಣೊರೆಸಿಕೊಂಡ. ಮೌನಿ ಅವನ ಬಳಿ ಹೋಗಿ ಕೈ ಮುಗಿದ.

"ಕಾರಣ?" ನಿರ್ದೇಶಕರು ಗುಡುಗಿದರು.

"ಆ ರಕ್ತ ತಗೊಂಡದ್ದೇ ಸರಿಯಲ್ಲ ಸಾರ್," ಎಂದರು ಡಾಕ್ಟರಮ್ಮ. "ಬೇಡ ಅನ್ನೋ ಅವಕಾಶ ನಾನು ಯಾರಿಗೂ ಕೊಟ್ಟಿರ್ಲಿಲ್ಲ. ಇವರು ಅದನ್ನ ತಪ್ಪು ರೀತೀಲಿ ಹೇಳಿದ್ರು, ಅಷ್ಟೇ. ಇದಕ್ಕಿಂತ ಹೆಚ್ಚು ನಾನು ಹೇಳೋಲ್ಲ. ಬೇಕಾದ್ರೆ ನನ್ನ ಮೇಲೂ ಕ್ರಮ ತಗೊಳ್ಳಿ."

ನಿರ್ದೇಶಕರು ಇಬ್ಬರನ್ನೂ ನೋಡಿದರು. ಮೌನಿಗೆ ಲ್ಯಾಬಿನ ಬಾಗಿಲು ಮುಚ್ಚಿತು. ಅವನು ಟೆಕ್ನಿಷಿಯನ್‌ಗೆ ತಪ್ಪೊಪ್ಪಿಗೆ ಬರೆದುಕೊಡಬೇಕೆಂದಾಯಿತು. ರೋಗಿಗಳನ್ನು ನೋಡುವ ತರಬೇತಿ ಮಾತ್ರ ಉಳಿಯಿತು.

ಸಂಜೆ ಡಾಕ್ಟರಮ್ಮ ಮೇಲಿನ ಕಿಟಕಿಯಿಂದ ಕೆಳಗೆ ನೋಡಿದರು. ಮೆಟ್ಟಿಲ ಮೇಲೆ ಮೌನಿ ಕೂತಿದ್ದ. ಮಕ್ಕಳ ಡಾಕ್ಟರು ಬಂದು ಏನೋ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಹೊರಡಲು ತಿರುಗಿದಾಗ ಅವನೇ ಕರೆದ. ಅವಳು ಕೂತಳು. ಅವನು ನೆಲ ನೋಡುತ್ತ ಬಹಳ ಹೊತ್ತು ಮಾತಾಡಿದ.

ಅವಳು ಎದ್ದು ಹೋಗಲಿಲ್ಲ. ಇನ್ನಷ್ಟು ಹತ್ತಿರ ಸರಿದು ಕೂತಳು.

ಡಾಕ್ಟರಮ್ಮ ಕಿಟಕಿ ಮುಚ್ಚಿ, ಚೀಲ ಹೆಗಲಿಗೇರಿಸಿ, ಅವರಿಗೆ ಕಾಣದಂತೆ ಹಿಂದಿನ ಬಾಗಿಲಿನಿಂದ ಮನೆಯ ಕಡೆ ಹೊರಟರು.