ಕತ್ತರಿಸಿದ ಸುದ್ದಿ

ಸಾವಂತ್ರಿಯನ್ನು ಮಣ್ಣು ಮಾಡಿ ಮೂರನೆಯ ದಿನ ಆ ಕಾಗದದ ತುಂಡು ನಮ್ಮ ಕೈಗೆ ಬಂತು. ಅವಳ ಅಜ್ಜಿ, ಕುರಿ ಸಾಕುವ ಲಗಮವ್ವ, ಅದನ್ನು ಮನೆದೇವರು ಬೀರಪ್ಪನ ಜಗಲಿಯ ಮೇಲೆ, ಅರಿಸಿನ ಭಂಡಾರದ ಬಟ್ಟಲಿನ ಕೆಳಗೆ ಜೋಪಾನವಾಗಿ ಇಟ್ಟಿದ್ದಳು. ಅಂಗೈಯಗಲದ ಪತ್ರಿಕೆಯ ಮೂಲೆ. ಅದರಲ್ಲಿ ದಪ್ಪ ಅಕ್ಷರ— ‘ದೇವಿ ಹಾಕಿಸಿಕೊಂಡ ಹನ್ನೆರಡು ಮಕ್ಕಳು ಸತ್ತರು’.

ಹುಡುಗಿಯನ್ನು ಕೊಂದದ್ದು ಈ ತುಂಡೇ. ತಿಂಗಳ ಹಿಂದೆ ದೇವಿ ಹಾಕುವ, ಅಂದರೆ ಸಿಡುಬಿನ ಲಸಿಕೆ ಚುಚ್ಚುವ ಚಮನಸಾಬ ಬಾಗಲಕೋಟೆಯಿಂದ ನಮ್ಮೂರಿಗೆ ಬಂದಿದ್ದ. ಲಗಮವ್ವ ಈ ಕಾಗದ ಹಿಡಿದು ಚಾವಡಿಗೆ ಬಂದಳು. ಜನ ಕಲ್ಲೆತ್ತಿದರು. ತಲೆಯಿಂದ ರಕ್ತ ಸುರಿಯುತ್ತಿರಲು ಆ ಪಾಪದವ ಸೈಕಲ್ ಬಿಟ್ಟು ಓಡಿದ. ಹದಿನೈದು ದಿನಕ್ಕೆ ಊರಲ್ಲಿ ದೇವಿಬೇನೆ ಕಾಣಿಸಿತು. ಹತ್ತು ವರ್ಷದ ಸಾವಂತ್ರಿಯೇ ಮೊದಲು ಹೋದಳು. ಇನ್ನೆರಡು ಮನೆಗಳಲ್ಲಿ ಮಕ್ಕಳು ಮಲಗಿದ್ದವು. ಮರುದಿನ ಮುಂಜಾನೆ ಚಮನಸಾಬ ಮತ್ತೆ ಬರುವವನಿದ್ದ. ಅಷ್ಟರಲ್ಲಿ ಈ ಸುದ್ದಿಯ ಬುಡ ಹುಡುಕದಿದ್ದರೆ ಒಬ್ಬ ತಾಯಿಯೂ ಮಗುವಿನ ತೋಳು ಮುಂದೆ ಮಾಡುವಂತಿರಲಿಲ್ಲ.

ಇದು ೧೯೫೪ರ ಮಾತು. ನಾನು ಮಧುಸೂದನ, ಗುಳೇದಗುಡ್ಡದ ಬಳಿಯ ಆ ಊರಿನ ಸಾಲಿ ಮಾಸ್ತರ. ಸಿಟ್ಟು ಜಾಸ್ತಿ, ತಿಳಿವಳಿಕೆಯ ಹಮ್ಮು ಇನ್ನೂ ಜಾಸ್ತಿ. ನಮ್ಮ ಹಿರಿಯ ಶಿಕ್ಷಕಿ ವಿಮಲಾಬಾಯಿ ನನಗೆ ತದ್ವಿರುದ್ಧ— ಮಾತು ಕಡಿಮೆ, ಕಣ್ಣು ಚುರುಕು. ಯಾವ ಸುದ್ದಿ ಬಂದರೂ ಮಕ್ಕಳಿಂದ ಕೇಳಿಸುತ್ತಿದ್ದರು: ಹೇಳಿದವರು ಯಾರು? ಯಾವಾಗ? ಹಿಂದೆ ಮುಂದೆ ಏನಿದೆ? ‘ಬಾಯಾರ, ಇದು ಸಾಲಿಯೋ, ಫೌಜದಾರ ಕಚೇರಿಯೋ?’ ಎಂದು ಹಂಗಿಸಿದವನು ನಾನೇ.

ಸಾವಂತ್ರಿ ನನ್ನ ವರ್ಗದಲ್ಲೇ ಜಾಣೆ. ಅಚ್ಚಾದದ್ದು ಏನು ಸಿಕ್ಕರೂ ಓದಬೇಕು ಅವಳಿಗೆ. ಆದರೆ ಸೂಜಿ ಕಂಡರೆ ಜೀವ ಹೋಗುತ್ತಿತ್ತು. ಒಮ್ಮೆ ಕಾಲಿಗೆ ಜಾಲಿಮುಳ್ಳು ಚುಚ್ಚಿದಾಗ ನಾನು ಸೂಜಿ ತಂದದ್ದೇ ತಡ, ಕುಂಟುತ್ತಲೇ ಕೆರೆಯವರೆಗೂ ಓಡಿಬಿಟ್ಟಿದ್ದಳು! ಅಂದು ಇಡೀ ಸಾಲಿ ನಕ್ಕಿತ್ತು.

ಮೊದಲು ಕಿರಾಣಿ ಅಂಗಡಿಯ ಹನಮಂತಪ್ಪನ ಬಳಿ ಹೋದೆವು.

“ಹನಮಂತಪ್ಪ, ಇದು ನಿನ್ನ ಅಂಗಡಿ ಪುಡಿಕಿ ಕಾಗದ ಏನು?” ಎಂದು ಕೇಳಿದರು ಬಾಯಾರು.

“ಅಯ್ಯ, ಅಲ್ರೀ ಬಾಯಾರ! ನನ್ನ ಕಾಗದಕ್ಕ ಬೆಲ್ಲರ ಹತ್ತಿರತೈತಿ, ಎಣ್ಣಿಯರ ಹತ್ತಿರತೈತಿ. ಇದಕ್ಕ ಒಂದು ಕಲಿ ಐತೇನು ನೀವ ನೋಡ್ರಿ.”

ಹೊರಬಿದ್ದ ಕೂಡಲೇ ನಾನು ಸಿಡಿದೆ. “ಸುಳ್ಳ ಹೇಳತಾನ ಮಗಾ! ಬೇನಿ ಬಂದಷ್ಟೂ ಇವನ ಅಂಗಡಿ ಕಾಯಿ-ಕರ್ಪೂರ ಖರ್ಚಾಗತಾವ. ಇವಂದ ಕೆಲಸ.”

“ಮಾಸ್ತರ, ಈ ತುಂಡಿನ ಹಿಂಬದಿ ನೋಡಿದಿರೇನು?”

ನೋಡಿರಲಿಲ್ಲ. ಊರಲ್ಲಿ ಯಾರೂ ನೋಡಿರಲಿಲ್ಲ. ತಿರುವಿದೆ. ಯುದ್ಧಕ್ಕೆ ಸಿಪಾಯಿಗಳು ಬೇಕಾಗಿದ್ದಾರೆಂಬ ಜಾಹೀರಾತು!

“ಯುದ್ಧ ಮುಗಿದು ಒಂಬತ್ತು ವರ್ಷ ಆತಲ್ರೀ?”

“ಹೌದು. ಇಷ್ಟು ಹಳೇ ಪೇಪರ ಈ ಊರಾಗ ಯಾರ ಮನ್ಯಾಗ ಅವ?”

ನಮ್ಮ ಮನೆಯಲ್ಲಿ ಮಾತ್ರ. ನಮ್ಮಪ್ಪ ಕಟ್ಟಿಟ್ಟಿದ್ದ ಗಂಟು. ಜೂನಿನಲ್ಲಿ ಪುಸ್ತಕಗಳಿಗೆ ಹೊದಿಕೆ ಹಾಕಿಕೊಳ್ಳಲೆಂದು ಅದನ್ನು ಮಕ್ಕಳಿಗೆ ನಾನೇ ಹಂಚಿದ್ದೆ.

“ನಲವತ್ತು ಮಕ್ಕಳಿಗೆ ಕೊಟ್ಟೇನ್ರಿ. ಯಾರ ಪುಸ್ತಕ ಅಂತ ಹುಡುಕೂದು?”

“ಅಂಚು ಮುಟ್ಟಿ ನೋಡ್ರಿ. ಸಣ್ಣ ಕತ್ತರಿ ಆಗಿದ್ರ ನಾಕು ಸಲ ಕಚ್ಚಬೇಕು, ಅಂಚಿಗೆ ಹಲ್ಲು ಮೂಡತಾವ. ಇಲ್ಲೆ ಒಂದೊಂದು ಬದಿಗೆ ಒಂದೊಂದ ಏಟು. ಅಷ್ಟು ಉದ್ದ ಅಲಗಿನ ಕತ್ತರಿ ಎಲ್ಲಿರತದ?”

ಕುರಿಯ ಉಣ್ಣೆ ಕತ್ತರಿಸುವವರ ಮನೆಯಲ್ಲಿ. ಕುರಿ ಸಾಕುವವರ ಮನೆಗಳಿಂದ ನಮ್ಮ ಸಾಲಿಗೆ ಬರುತ್ತಿದ್ದದ್ದು ಒಂದೇ ಮಗು.

“ಛೇ! ಲಗಮವ್ವಗ ಅಕ್ಷರಾನ ಬರೂದಿಲ್ಲ,” ಎಂದೆ ಜೋರಾಗಿ.

“ಲಗಮವ್ವಗ ಬರೂದಿಲ್ಲ,” ಎಂದರು ಬಾಯಾರು, ಮೆಲ್ಲಗೆ.

ಸಾಲಿಗೆ ಮರಳಿದೆವು. ಜ್ವರ ಬಂದ ದಿನ ಸಾವಂತ್ರಿ ಬಿಟ್ಟುಹೋದ ಚೀಲ ಇನ್ನೂ ಗೂಟಕ್ಕೆ ತೂಗುತ್ತಿತ್ತು. ಅದನ್ನು ಇಳಿಸಲು ನನಗೆ ಕೈ ಬರಲಿಲ್ಲ. ಬಾಯಾರೇ ಇಳಿಸಿ ಕನ್ನಡ ಪುಸ್ತಕ ಹೊರತೆಗೆದರು. ಹೊದಿಕೆಯ ಒಂದು ಮೂಲೆ ಇರಲಿಲ್ಲ. ತುಂಡನ್ನು ಅಲ್ಲಿಟ್ಟರು. ಕೂದಲೆಳೆ ಸಂದಿಯಿಲ್ಲದೆ ಕೂತಿತು.

ತುಂಡಿನ ಕೆಳಗೆ, ಹೊದಿಕೆಯಲ್ಲೇ ಉಳಿದಿದ್ದ ಸಾಲು ಓದಿದೆ: ‘ಎಂಬ ಸುದ್ದಿ ಹಬ್ಬಿದೆ. ವಿಚಾರಿಸಲಾಗಿ ಇದು ಶುದ್ಧ ಸುಳ್ಳೆಂದು ತಿಳಿದುಬಂದಿದೆ. ಆ ಹನ್ನೆರಡು ಮಕ್ಕಳೂ ಆರೋಗ್ಯದಿಂದ ಇದ್ದಾರೆ.’

ಸೂಜಿಗೆ ಅಂಜಿ ಕೆರೆಯವರೆಗೂ ಓಡಿದ ಕೂಸು! ಈ ಸಲ ಓಡಲು ಜಾಗ ಸಿಗದೆ ಕಾಗದ ಕತ್ತರಿಸಿ ಅಜ್ಜಿಗೆ ಓದಿ ತೋರಿಸಿತ್ತು.

“ಹಂಗಾದ್ರ ತಪ್ಪು ಮಾಡಿದವರು... ಆ ಕೂಸ ಏನ್ರಿ ಬಾಯಾರ?”

“ಕತ್ತರಿಸಿದ್ದು ಕೂಸು. ಅಂಜಿಕೀಲೆ ಕತ್ತರಿಸ್ತು. ಆದರ ಇಷ್ಟು ಕಾಗದ ತೋರಿಸಿದರ ಸಾಕು, ಇಡೀ ಊರು ನಂಬತದ ಅಂತ ಅದಕ್ಕ ಕಲಿಸಿದವರು ಯಾರು?”

ನೆನಪಾಯಿತು. ನಾನು ವರ್ಗದಲ್ಲಿ ಪತ್ರಿಕೆ ಓದುವಾಗ ಸಾವಂತ್ರಿ ಎದ್ದು ಕೇಳಿದ್ದಳು: “ಗುರುಗಳ, ಪೇಪರನ್ಯಾಗ ಸುಳ್ಳ ಹಾಕ್ತಾರೇನ್ರಿ?” ನನಗೆ ರೇಗಿತ್ತು. ‘ಅಚ್ಚಾದದ್ದು ಸುಳ್ಳಾಗೂದಿಲ್ಲ’ ಎಂದು ನಿಲ್ಲಿಸಿ ಹತ್ತು ಸಲ ಹೇಳಿಸಿದ್ದೆ. ಪಾಪ, ಹತ್ತೂ ಸಲ ಹೇಳಿದ್ದಳು. ಊರಬಾಗಿಲ ಅಗಸಿಕಟ್ಟೆಯ ಮೇಲೆ ಹಿರಿಯರಿಗೂ ಇದನ್ನೇ ಹೇಳುತ್ತಿದ್ದೆ.

“ನಾನು,” ಎಂದೆ.

ಬಾಯಾರು ಸೆರಗಿನಿಂದ ಪುಸ್ತಕದ ಧೂಳು ಒರೆಸಿದರು.

ಮರುದಿನ ಚಾವಡಿಯಲ್ಲಿ ಊರೆಲ್ಲ ಸೇರಿತ್ತು. ತಲೆಗೆ ಪಟ್ಟಿ ಕಟ್ಟಿಕೊಂಡ ಚಮನಸಾಬ ಒಂದು ಮೂಲೆಯಲ್ಲಿ ಅಂಜುತ್ತ ಕೂತಿದ್ದ. ನಾನು ಪುಸ್ತಕ ಎತ್ತಿ ಹಿಡಿದೆ.

“ಈ ಪೇಪರ ನಮ್ಮ ಮನೀದು. ಅಚ್ಚಾದದ್ದು ಸುಳ್ಳಾಗೂದಿಲ್ಲ ಅಂತ ನಿಮಗ, ನಿಮ್ಮ ಮಕ್ಕಳಿಗೆ ಹೇಳಿದವ ನಾ. ಚಮನಸಾಬಂದು ಏನೂ ತಪ್ಪಿಲ್ಲ. ತಪ್ಪು ನಂದು.” ಕತ್ತರಿಸಿದವರು ಯಾರೆಂದು ಹೇಳಲು ನಾಲಿಗೆ ಏಳಲಿಲ್ಲ.

ಸಾವಂತ್ರಿಯ ತಮ್ಮನನ್ನು ಸೊಂಟದ ಮೇಲೆ ಹೊತ್ತು ಲಗಮವ್ವ ಮುಂದೆ ಬಂದಳು. ಪುಸ್ತಕವನ್ನೇ ನೋಡಿದಳು.

“ಅದು ನಮ್ಮ ಸಾವಂತ್ರಿ ಪುಸ್ತಕ ಅಲ್ಲೇನ್ರಿ?”

ನಾನು ಬಾಯಾರ ಮುಖ ನೋಡಿದೆ.

“ಹೌದವ್ವಾ,” ಎಂದರು ಅವರು.

ಮುದುಕಿ ಹೊದಿಕೆಯ ಕತ್ತರಿಸಿದ ಮೂಲೆಯ ಮೇಲೆ ಬೆರಳಾಡಿಸಿದಳು. “ಕತ್ತರಿ ಬೇಡಿದ್ಲು. ಭಾರ ಐತಿ, ಕೈ ಕೊಯ್ಕೊಂಡೀ ಅಂತ ನಾನ ಹಿಡದು ಕೊಟ್ಟೆ,” ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಲಗಮವ್ವ ಅಳಲಿಲ್ಲ. ಪುಸ್ತಕದತ್ತ ಬೆರಳು ತೋರಿಸಿದಳು.

“ಓದ್ರಿ ಗುರುಗಳ. ಈ ಸಲ ಪೂರಾ ಓದ್ರಿ.”

ತುಂಡನ್ನು ಮೂಲೆಗೆ ಹೊಂದಿಸಿ ಹಿಡಿದು ಪೂರಾ ಓದಿದೆ. ‘ಹನ್ನೆರಡು ಮಕ್ಕಳೂ ಆರೋಗ್ಯದಿಂದ ಇದ್ದಾರೆ’ ಎನ್ನುವಾಗ ನನ್ನ ದನಿ ಎರಡು ಸಲ ಬಿತ್ತು. ಅಷ್ಟೂ ಕೇಳಿಸಿಕೊಂಡು ಲಗಮವ್ವ ಮೊಮ್ಮಗನ ಅಂಗಿಯ ತೋಳು ಮೇಲೆ ಸರಿಸಿದಳು. ಸೂಜಿ ಕಾಣದಂತೆ ಅವನ ಕಣ್ಣಿಗೆ ಅಂಗೈ ಮುಚ್ಚಿ, ಚಮನಸಾಬನ ಮುಂದೆ ಕೂತಳು.